ಟ್ರಯಥ್ಲಾನ್‌ಗೆ ನಾಲ್ಕನೆಯ ಆಟ: ಕನಕಪುರ ರಸ್ತೆಯ ಒಂದು ಪ್ರಕರಣ

ಕಳೆದ ವರ್ಷ ಜನವರಿಯ ಒಂದು ಭಾನುವಾರ, ಸೈಕಲ್ ಸವಾರಿ ಮುಗಿಸಿ ಕಾಫಿ ಕುಡಿಯುತ್ತಿದ್ದಾಗ, ನಮ್ಮ ಬಳಗದ ಬ್ಯಾಂಕ್ ಮೇಡಂ ಜೆರ್ಸಿಯ ಹಿಂದಿನ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಡಾಕ್ಟರ ಕೈಗೆ ಕೊಟ್ಟರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ವರದಿ. ಅವರಿಗೆ 53 ವರ್ಷ. ವಾರಕ್ಕೆ 150 ಕಿಲೋಮೀಟರ್ ಸೈಕಲ್ ತುಳಿಯುತ್ತಾರೆ, ಮೂರು ದಿನ ಈಜುತ್ತಾರೆ. ಇಷ್ಟಾದರೂ ವರದಿಯಲ್ಲಿ ಇದ್ದದ್ದು ಆಸ್ಟಿಯೋಪೀನಿಯಾ: ಬೆನ್ನುಮೂಳೆಯ ಕೆಳಭಾಗದಲ್ಲೂ ಸೊಂಟದಲ್ಲೂ ಮೂಳೆಯ ಸಾಂದ್ರತೆ ಇರಬೇಕಾದ್ದಕ್ಕಿಂತ ಕಡಿಮೆ.

"ಇಷ್ಟೆಲ್ಲ ಮಾಡಿಯೂ ಹೀಗಾ ಡಾಕ್ಟ್ರೇ?"

"ಮೇಡಂ, ಈಜುವಾಗ ನೀರು ನಿಮ್ಮ ಭಾರ ಹೊರುತ್ತೆ, ಸೈಕಲ್ ಮೇಲೆ ಸೀಟು ಹೊರುತ್ತೆ. ಮೂಳೆಗೆ ಕೆಲಸ ಎಲ್ಲಿದೆ?"

ನಮ್ಮ ಪ್ರಕರಣ ಶುರುವಾದದ್ದು ಈ ಮಾತಿನಿಂದ. ಬಸವನಗುಡಿ, ಜಯನಗರ, ಬನಶಂಕರಿ ಕಡೆಯ ನಲವತ್ತು ಮಂದಿಯ ಬಳಗ ನಮ್ಮದು. ಪ್ರತಿ ಡಿಸೆಂಬರಿನಲ್ಲಿ, ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿದ ಮೇಲೆ ಸಿಗುವ ಒಂದು ಶಾಲೆಯ ಆವರಣದಲ್ಲಿ, ನಮ್ಮನಮ್ಮಲ್ಲೇ ಒಂದು ಸ್ಪ್ರಿಂಟ್, ಅಂದರೆ ಕಿರುದೂರದ, ಟ್ರಯಥ್ಲಾನ್ ನಡೆಸಿಕೊಳ್ಳುತ್ತೇವೆ. ಶಾಲೆಯ 25 ಮೀಟರ್ ಕೊಳದಲ್ಲಿ ಮೂವತ್ತು ಸಲ ಈಜಿದರೆ 750 ಮೀಟರ್. ಅಲ್ಲಿಂದ ಕಗ್ಗಲೀಪುರದ ಕಡೆ ಹೋಗಿ ಬಂದರೆ 20 ಕಿಲೋಮೀಟರ್ ಸೈಕಲ್. ಕೊನೆಗೆ ಶಾಲೆಯ ಹಿಂದಿನ ಮಣ್ಣು ದಾರಿಯಲ್ಲಿ 5 ಕಿಲೋಮೀಟರ್ ಓಟ. ಇದರ ವ್ಯವಸ್ಥೆ ಐದು ವರ್ಷದಿಂದ ನನ್ನ ಕೈಯಲ್ಲಿದೆ.

ನಾಲ್ಕನೆಯದೊಂದು ಆಟ ಸೇರಿಸೋಣ ಎಂಬ ಮಾತು ಮೊದಲೂ ಬಂದಿತ್ತು. 2024ರ ಮಾರ್ಚಿನಲ್ಲಿ ನಗರದಲ್ಲಿ ನೀರಿಗೆ ತತ್ವಾರವಾಗಿ, ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿದಾಗ, ನಮ್ಮ ಅಭ್ಯಾಸ ಸೈಕಲ್ಲು ಮತ್ತು ಓಟಕ್ಕೆ ಇಳಿದಿತ್ತು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಆಗ ಕೆಲವರು ಹೇಳಿದ್ದರು. ಮೇಡಂ ಅವರ ವರದಿ ಬಂದ ಮೇಲೆ ಮಾತಿಗೆ ಕಾರಣವೊಂದು ಸಿಕ್ಕಿತು. ಮೂರು ಆಟಗಳು ದೇಹದಲ್ಲಿ ಏನನ್ನು ಮುಟ್ಟದೆ ಬಿಟ್ಟಿವೆಯೋ ಅದನ್ನು ಮುಟ್ಟುವ ಆಟ ಬೇಕು. ಓಟ ಮೂಳೆಗೆ ಕೆಲಸ ಕೊಡುತ್ತದೆ ನಿಜ. ಆದರೆ ನಮ್ಮಲ್ಲಿ ಮಂಡಿನೋವಿನವರು ಓಟವನ್ನೇ ಮೊದಲು ಕಡಿಮೆ ಮಾಡುವುದು.

ಬಂದ ಸಲಹೆಗಳು

ಕಾಯಕಿಂಗ್ ಎಂದವರು ನಾಲ್ಕು ಜನ. ಅದಕ್ಕೆ ಆಧಾರವೂ ಇತ್ತು. ಈಜು, ಸೈಕಲ್, ಕಾಯಕ್, ಓಟ ಸೇರಿದ ಕ್ವಾಡ್ರಥ್ಲಾನ್ ಎಂಬ ಸ್ಪರ್ಧೆ ಯುರೋಪಿನಲ್ಲಿ ಬಹುಕಾಲದಿಂದ ನಡೆಯುತ್ತಿದೆ, ಅದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟವೂ ಇದೆ. ಆದರೆ ನಾವಿರುವುದು ಬೆಂಗಳೂರಿನಲ್ಲಿ. ಕೆರೆಗಳ ಊರು ಎಂದು ಹೆಸರು, ದೋಣಿ ಮಗುಚಿ ಬಾಯಿಗೆ ನೀರು ಹೋದರೂ ಪರವಾಗಿಲ್ಲ ಎನ್ನುವಂಥ ಕೆರೆ ನಮ್ಮ ಸುತ್ತ ಒಂದೂ ಸಿಗಲಿಲ್ಲ. ಸಿಕ್ಕಿದ್ದರೂ ಈಜಿ ಸೋತ ಭುಜಗಳ ಮೇಲೇ ಮತ್ತೆ ಹೊರೆ ಬೀಳುತ್ತಿತ್ತು.

ಬಂಡೆ ಹತ್ತುವುದು ನನಗೆ ಬಹಳ ಇಷ್ಟವಾಗಿತ್ತು. ತುರಹಳ್ಳಿಯ ಬಂಡೆಗಳು ನಮ್ಮ ಪಕ್ಕದಲ್ಲೇ ಇವೆ. ಆದರೆ ಅದು ಅರಣ್ಯ ಇಲಾಖೆಯ ಜಾಗ, ಗುಂಪುಕಟ್ಟಿಕೊಂಡು ಹೋಗಿ ಸ್ಪರ್ಧೆ ನಡೆಸುವಂತಿಲ್ಲ. ಕಂಠೀರವ ಕ್ರೀಡಾಂಗಣದ ಕೃತಕ ಗೋಡೆ ನಮಗೆ ದೂರ. ಶಾಲೆಯಲ್ಲೇ ಬಾಡಿಗೆ ಗೋಡೆ ನಿಲ್ಲಿಸಿದರೂ ಒಬ್ಬೊಬ್ಬರಿಗೆ ಐದು ನಿಮಿಷವೆಂದರೆ 38 ಜನಕ್ಕೆ ಮೂರು ಗಂಟೆಯ ಮೇಲೆ. ಗಡಿಯಾರದ ಜೊತೆ ನಡೆಯುವ ಸ್ಪರ್ಧೆಯಲ್ಲಿ ಸರದಿಗೆ ಕಾಯುವಂತಾದರೆ ಆಟ ಅಲ್ಲಿಗೇ ಸತ್ತಂತೆ.

ಸೂರ್ಯನಮಸ್ಕಾರ ಎಂದಾಗ ಎಲ್ಲರೂ ತಲೆದೂಗಿದರು. ನಾನು ಒಪ್ಪಲಿಲ್ಲ. ಹಣೆ ನೆಲ ಮುಟ್ಟಿತೋ ಇಲ್ಲವೋ, ಮೊಣಕಾಲು ಮಡಚಿತೋ ಇಲ್ಲವೋ ಎಂದು ತೀರ್ಮಾನಿಸಲು ಒಬ್ಬರು ನಿಲ್ಲಬೇಕು, ಆ ಒಬ್ಬರ ಕಣ್ಣಿನ ಮೇಲೆ ಫಲಿತಾಂಶ ನಿಂತುಬಿಡುತ್ತದೆ. ಸ್ಪರ್ಧಿಯ ಕೈಯಲ್ಲಿಲ್ಲದ ಸಂಗತಿ ಸ್ಪರ್ಧೆಯೊಳಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ, ಒಲಿಂಪಿಕ್ಸಿನಲ್ಲಿ ಐದು ಆಟ ಸೇರಿದ ಸ್ಪರ್ಧೆಯಾದ ಮಾಡರ್ನ್ ಪೆಂಟಾಥ್ಲಾನ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅಲ್ಲಿ ಕುದುರೆ ಸವಾರಿ 1912ರಿಂದ ಇತ್ತು, ಕುದುರೆಯನ್ನು ಚೀಟಿ ಎತ್ತಿ ಕೊಡುತ್ತಿದ್ದರು. 2021ರಲ್ಲಿ ಟೋಕಿಯೋದಲ್ಲಿ ಜರ್ಮನಿಯ ಆನಿಕಾ ಶ್ಲಾಯ್ ಮೊದಲ ಸ್ಥಾನದಲ್ಲಿದ್ದವರು, ಪಾಲಿಗೆ ಬಂದ ಕುದುರೆ ಮುಂದೆ ಹೋಗಲೊಪ್ಪದೆ ಅಳುತ್ತಾ ಹೊರಬಂದರು. ಪ್ಯಾರಿಸ್ 2024ರ ನಂತರ ಆ ಆಟದಿಂದ ಕುದುರೆಯನ್ನೇ ತೆಗೆದು ಅಡೆತಡೆ ಓಟ ತಂದಿದ್ದಾರೆ.

ಬ್ಯಾಡ್ಮಿಂಟನ್, ಕಬಡ್ಡಿ, ಬಿಲ್ಲುಗಾರಿಕೆ ಎಂಬ ಸಲಹೆಗಳು ಒಂದೇ ಸಂಜೆಯಲ್ಲಿ ಬಿದ್ದುಹೋದವು. ಉಳಿದದ್ದು ಸ್ಕಿಪ್ಪಿಂಗ್.

ಸ್ಕಿಪ್ಪಿಂಗ್ ಏಕೆ ಬಿಟ್ಟೆವು

ಕಾಗದದ ಮೇಲೆ ನೋಡಿದರೆ ಇದಕ್ಕೆ ಸಾಟಿಯಿರಲಿಲ್ಲ. ಹಗ್ಗಕ್ಕೆ ನೂರು ಇನ್ನೂರು ರೂಪಾಯಿ, ಜಾಗ ಬೇಡ, ಎಣಿಸಬಹುದು, ಮೂಳೆಗೆ ಬೇಕಾದ ಕುಲುಕಾಟವೂ ಸಿಗುತ್ತದೆ. ಮಾರ್ಚಿನಲ್ಲಿ ಒಂಬತ್ತು ಜನ ಸೇರಿ, ಸೈಕಲ್ ಇಳಿದ ಕೂಡಲೇ 500 ಸಲ ಹಾರುವ ಪರೀಕ್ಷೆ ಮಾಡಿದೆವು. ಚುರುಕಿನವರು ನಾಲ್ಕು ನಿಮಿಷದಲ್ಲಿ ಮುಗಿಸಿದರು. ಕಾಲಿಗೆ ಹಗ್ಗ ಸಿಕ್ಕಿಸಿಕೊಳ್ಳುತ್ತಾ ಹೋದ ಕೊನೆಯವರಿಗೆ ಹದಿನಾಲ್ಕು ನಿಮಿಷ ಹಿಡಿಯಿತು. ನಮ್ಮಲ್ಲಿ ಈಜಿನ ಮೊದಲನೆಯವರಿಗೂ ಕೊನೆಯವರಿಗೂ ಇರುವ ಅಂತರ ಸುಮಾರು ಹನ್ನೊಂದು ನಿಮಿಷ. ಬಾಲ್ಯದಲ್ಲಿ ಹಗ್ಗದಾಟ ಆಡಿದ್ದರೋ ಇಲ್ಲವೋ ಎಂಬುದೊಂದೇ ಇಡೀ ಈಜಿನಷ್ಟು ತೂಗಿಬಿಟ್ಟಿತು. ಹೊಸ ಆಟ ಸೇರಿಸುವವರು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳುತ್ತಾರೆ. ಮೊದಲನೆಯವರಿಗೂ ಕೊನೆಯವರಿಗೂ ಎಷ್ಟು ಅಂತರ ಬೀಳುತ್ತದೆ ಎಂದು ಕೇಳಬೇಕು. ಹಳೆಯ ಮೂರರ ಬೆಲೆ ಉಳಿಯುವುದೋ ಕಳೆಯುವುದೋ ಅದರ ಮೇಲಿದೆ.

ಇದನ್ನು 300ಕ್ಕೆ ಇಳಿಸಿ ಸರಿಮಾಡಬಹುದಿತ್ತು. ಇಳಿಸುವ ಯೋಚನೆಯಲ್ಲೇ ಇದ್ದೆ. ಆ ರಾತ್ರಿ ಮೇಡಂ ಫೋನ್ ಮಾಡಿದರು.

"ಇವತ್ತು ಪರೀಕ್ಷೆಗೆ ಹೆಣ್ಣುಮಕ್ಕಳು ಎಷ್ಟು ಜನ ಬಂದಿದ್ರು, ನೋಡಿದ್ರಾ?"

ಇಬ್ಬರು. ಇಬ್ಬರೂ ಇಪ್ಪತ್ತರ ಆಸುಪಾಸಿನವರು. ಬಳಗದಲ್ಲಿ ಹನ್ನೊಂದು ಮಂದಿ ಹೆಂಗಸರಿದ್ದಾರೆ.

"ಹೆರಿಗೆಯಾದವರಲ್ಲಿ ಎಷ್ಟೋ ಜನಕ್ಕೆ ಹಾರಿದರೆ ಮೂತ್ರ ತಡೆಯೋಕಾಗಲ್ಲ. ಕೆಮ್ಮಿದರೂ ಆಗಲ್ಲ. ಯಾರೂ ನಿಮ್ಮ ಮುಂದೆ ಹೇಳಲ್ಲ, ಅವತ್ತು ಬರಲ್ಲ ಅಷ್ಟೇ. ಆಮೇಲೆ ಡಿಸೆಂಬರಿಗೂ ಬರಲ್ಲ."

ನಾನು ಐದು ವರ್ಷ ವ್ಯವಸ್ಥೆ ನೋಡಿಕೊಂಡವನು, ಈ ಸಂಗತಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಮರುದಿನ ಡಾಕ್ಟರನ್ನು ಕೇಳಿದೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲವಾದಾಗ ಹೀಗಾಗುತ್ತದೆ, ಬಹಳ ಸಾಮಾನ್ಯ, ಸರಿಯಾದ ವ್ಯಾಯಾಮ ಕಲಿತರೆ ಎಷ್ಟೋ ಜನರಿಗೆ ಸುಧಾರಿಸುತ್ತದೆ, ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದರು. ಅಷ್ಟನ್ನು ಅವರೇ ಬಳಗದ ಎಲ್ಲರಿಗೂ ಬರೆದು ಕಳಿಸಿದರು. ಆದರೆ ಒಂದು ಗುಂಪಿನ ಕಾಲು ಭಾಗದಷ್ಟು ಜನ ಹಿಂಜರಿಯುವ ಆಟವನ್ನು ಕಡ್ಡಾಯ ಮಾಡಿ, ವ್ಯಾಯಾಮ ಮಾಡಿಕೊಂಡು ಬನ್ನಿ ಎನ್ನುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಸ್ಕಿಪ್ಪಿಂಗ್ ಅನ್ನು ಅಲ್ಲಿಗೇ ಬಿಟ್ಟೆವು.

ಮೂಟೆ

ಬಾಗಲಕೋಟೆ ಕಡೆಯ ಕಾಕಾ ಒಬ್ಬರು ನಮ್ಮಲ್ಲಿ ಹಿರಿಯರು, 61 ವರ್ಷ. ಅಲ್ಲಿಯತನಕ ಸುಮ್ಮನೆ ಕೇಳುತ್ತಿದ್ದವರು, "ಭಾರಾನ ಬೇಕಾದ್ರ ಭಾರಾನ ಹೊರ್ರಿ. ಅದಕ್ಯಾಕ ಇಷ್ಟು ಸುತ್ತಾಟ?" ಎಂದರು.

"ಮೂಟೆ ಹೊರೋದೂ ಒಂದು ಆಟಾನಾ ಕಾಕಾ?" ಎಂದು ಒಬ್ಬ ಹುಡುಗ ಕೇಳಿದ. ಕಾಕಾ ಅವರ ಊರಿನ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು, ಜೋಳದ ಚೀಲ ಬೆನ್ನಿಗೇರಿಸುವುದನ್ನು ವಿವರಿಸಿದರು. ಎತ್ತಿದವರ ಹೆಸರು ಇವತ್ತಿಗೂ ಊರಲ್ಲಿ ಹೇಳುತ್ತಾರಂತೆ. ಓಟದ ನಡುನಡುವೆ ಬಲದ ಕಸರತ್ತುಗಳಿರುವ, ಈಗ ಎಲ್ಲೆಡೆ ಹಬ್ಬುತ್ತಿರುವ ಹೈರಾಕ್ಸ್ ಸ್ಪರ್ಧೆಯಲ್ಲೂ ಎರಡು ಕೈಯಲ್ಲಿ ಭಾರ ಹಿಡಿದು 200 ಮೀಟರ್ ನಡೆಯುವ ಹಂತವಿದೆ, ಮರಳಿನ ಚೀಲ ಹೊತ್ತು ಹೆಜ್ಜೆ ಹಾಕುವ ಹಂತವೂ ಇದೆ ಎಂದು ನಾನು ಸೇರಿಸಿದೆ. ಹುಡುಗ ಒಪ್ಪಿದ. ಒಪ್ಪಿಸಿದ್ದು ಹೈರಾಕ್ಸ್‌ಗಿಂತ ಹೆಚ್ಚಾಗಿ ಕಾಕಾ ಅವರ ವಿವರಣೆ ಎಂದೇ ನನ್ನ ಅನಿಸಿಕೆ.

ಚೀಲ ಮಾಡುವುದೇ ಒಂದು ಕಲಿಕೆಯಾಯಿತು. ಮೊದಲು ಬರೀ ಗೋಣಿಚೀಲಕ್ಕೆ ಎಂ-ಸ್ಯಾಂಡ್ ತುಂಬಿದೆವು. ನಡೆದಂತೆಲ್ಲ ಪುಡಿ ಸೋರಿ, ಬೆವರಿಗೆ ಅಂಟಿ, ಕತ್ತು ಉರಿಯತೊಡಗಿತು. ಆಮೇಲೆ ಒಳಗೆ ಅಕ್ಕಿಯ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ ಇಟ್ಟು ಬಾಯನ್ನು ದಬ್ಬಣದಲ್ಲಿ ಹೊಲಿದೆವು. ಪೂರ್ತಿ ತುಂಬಿದ ಚೀಲ ಮರದ ದಿಮ್ಮಿಯ ಹಾಗೆ ಭುಜದ ಮೇಲೆ ನಿಲ್ಲದೆ ಉರುಳುತ್ತದೆ. ಮುಕ್ಕಾಲು ತುಂಬಿದರೆ ಮರಳು ಮುಂದಕ್ಕೂ ಹಿಂದಕ್ಕೂ ಇಳಿದು, ಭುಜವನ್ನು ಅಪ್ಪಿಕೊಂಡು ಕೂರುತ್ತದೆ. ಇದನ್ನು ಕಂಡುಕೊಳ್ಳಲು ನಮಗೆ ಎರಡು ಭಾನುವಾರ ಬೇಕಾದವು.

ತೂಕ ಎಲ್ಲರಿಗೂ ಒಂದೇ ಇಟ್ಟರೆ ಹಗುರ ಮೈಯವರಿಗೆ ಅನ್ಯಾಯ. ಮೈತೂಕದ ಶೇಕಡಾ 20 ಎಂದುಕೊಂಡು 10, 15, 20 ಕಿಲೋದ ಮೂರು ಬಗೆಯ ಚೀಲ ಮಾಡಿ, ಅವರವರ ಲೆಕ್ಕಕ್ಕೆ ಹತ್ತಿರದ್ದನ್ನು ಕೊಡುವುದೆಂದು ನಿಶ್ಚಯಿಸಿದೆವು. ದೂರ, ಶಾಲೆಯ ಮೈದಾನದ 200 ಮೀಟರ್ ಸುತ್ತನ್ನು ನಾಲ್ಕು ಸಲ.

ಇನ್ನು ಎಲ್ಲಿ ಇಡುವುದು? ಈಜಿಗೆ ಮೊದಲು ಇಡುವಂತಿಲ್ಲ. ಟ್ರಯಥ್ಲಾನ್‌ನಲ್ಲಿ ಈಜು ಮೊದಲಿರುವುದೇ, ಸೋತ ಮೈಯನ್ನು ನೀರಿಗೆ ಬಿಡಬಾರದು ಎಂದು. ಈಜಾದ ಕೂಡಲೇ ಇಟ್ಟರೆ ಒದ್ದೆ ಭುಜದಿಂದ ಚೀಲ ಜಾರುತ್ತದೆ, ಮಲಗಿದ ಭಂಗಿಯಿಂದ ಥಟ್ಟನೆ ಎದ್ದವರಿಗೆ ತಲೆ ತಿರುಗುವುದೂ ಉಂಟು. ಏಪ್ರಿಲ್‌ನಲ್ಲಿ ಓಟದ ನಂತರ ಇಟ್ಟು ನೋಡಿದೆವು. ಗೆರೆ ಕಣ್ಣಿಗೆ ಕಂಡ ಕೂಡಲೇ ಜನ ಮೂಟೆ ಹೊತ್ತುಕೊಂಡೇ ಓಡತೊಡಗಿದರು. ಒಬ್ಬರು ಮುಗ್ಗರಿಸಿ ಮಂಡಿ ತರಚಿಕೊಂಡರು. ಹಾಗಾಗಿ ಮೇ ತಿಂಗಳಲ್ಲಿ ಸೈಕಲ್‌ಗೂ ಓಟಕ್ಕೂ ನಡುವೆ ಇಟ್ಟೆವು. ಮುಂದೆ 5 ಕಿಲೋಮೀಟರ್ ಓಟವಿದೆ ಎಂದು ಗೊತ್ತಿದ್ದವರು ಮೂಟೆಯೊಂದಿಗೆ ಓಡುವುದಿಲ್ಲ ಎಂಬ ಲೆಕ್ಕ ಸರಿಯಾಗಿಯೇ ಇತ್ತು.

ಲೆಕ್ಕ ತಪ್ಪಿದ್ದು ಇನ್ನೊಂದು ಕಡೆ. ಮುಕ್ಕಾಲು ಗಂಟೆ ಹ್ಯಾಂಡಲ್ ಮೇಲೆ ಬೆನ್ನು ಬಾಗಿಸಿ ಕೂತು ಬಂದವರು, ಇಳಿದು, ಅದೇ ಬಾಗಿದ ಬೆನ್ನಲ್ಲಿ ನೆಲದಿಂದ ಚೀಲ ಎತ್ತುತ್ತಿದ್ದರು. ಮೂವತ್ನಾಲ್ಕು ವರ್ಷದ ಸಾಫ್ಟ್‌ವೇರ್ ಹುಡುಗನೊಬ್ಬ 20 ಕಿಲೋದ ಚೀಲ ಎತ್ತಿದವನು ಅರ್ಧಕ್ಕೇ ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತ್ತು. ಸೊಂಟ ಹಿಡಿದುಕೊಂಡಿತ್ತು. ಮೂರು ವಾರ ಅವನು ಸೈಕಲ್ ಹತ್ತಲಿಲ್ಲ. ಅವನ ಅಮ್ಮ ನನಗೆ ಫೋನ್ ಮಾಡಿ ಬೈಯಲಿಲ್ಲ, "ಸ್ವಲ್ಪ ನೋಡ್ಕೊಳ್ಳಿಪ್ಪಾ" ಎಂದಷ್ಟೇ ಅಂದರು. ಅದು ನನ್ನನ್ನು ಬಹಳ ದಿನ ಕಾಡಿತು. ಹಾಗೆ ಎತ್ತಬೇಡಿ ಎಂದು ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಡಾಕ್ಟರು ಇನ್ನೊಂದು ಮಾತು ಹೇಳಿದರು: ಮೇಡಂ ಅವರಂತೆ ಮೂಳೆ ತೆಳುವಾದವರಿಗೆ ನೇರವಾಗಿ ನಿಂತು ಭಾರ ಹೊರುವುದು ಒಳ್ಳೆಯದು, ಮುಂದಕ್ಕೆ ಬಾಗಿ ಭಾರ ಎತ್ತುವುದು ಅಪಾಯ, ಬೆನ್ನುಮೂಳೆ ಕುಸಿಯುವ ಭಯ ಅಂಥ ಹೊತ್ತಿನಲ್ಲಿ ಹೆಚ್ಚು. ಯಾರಿಗಾಗಿ ಈ ಆಟ ಹುಡುಕಿದೆವೋ ಅವರಿಗೇ ಅದು ಕೂಡದು ಎಂದಾಯಿತು. ಮೂಟೆಯನ್ನೂ ಕೈಬಿಡೋಣ ಎಂದು ಬರೆದು ಕಳಿಸಲು ಕೂತಿದ್ದೆ.

ಹೊರೆಗಲ್ಲು

ಶಾಲೆಯ ವಾಚ್‌ಮನ್ ಕನಕಪುರದ ಆಚೆಯ ಹಳ್ಳಿಯವರು. ಮೇ ತಿಂಗಳ ಪರೀಕ್ಷೆಯನ್ನು ಗೇಟಿನ ಹತ್ತಿರ ನಿಂತು ನೋಡಿದ್ದರು. ಚೀಲಗಳನ್ನು ವಾಪಸು ತರಲು ಹೋದ ದಿನ ಕೇಳಿದರು:

"ನೆಲಕ್ಕೆ ಯಾಕ್ ಇಳಿಸ್ತೀರಾ ಸಾ?"

"ಮತ್ತೆಲ್ಲಿ ಇಳಿಸೋದು?"

"ನೆಲಕ್ ಬಿದ್ದಿದ್ ಹೊರೆ ಎತ್ತೋಕೆ ಇನ್ನೊಬ್ರು ಬೇಕಲ್ಲ ಸಾ. ನಮ್ಮಮ್ಮ ಸೌದೆ ಹೊತ್ಕೊಂಡ್ ಬರೋಳು, ರೇಷ್ಮೆ ಸೊಪ್ಪು ಹೊತ್ಕೊಂಡ್ ಬರೋಳು. ದಾರೀಲಿ ಹೊರೆಗಲ್ಲಿತ್ತು. ಅದರ್ ಮೇಲೆ ಒರಗ್ಸಿ ಸುಧಾರಿಸ್ಕೊಳೋಳು, ಆಮೇಲೆ ಒಬ್ಬಳೇ ತಕ್ಕೊಂಡ್ ಹೊರಡೋಳು."

ಹಳೇ ಮೈಸೂರಿನ ರಸ್ತೆ ಬದಿಗಳಲ್ಲಿ ಇವು ಇನ್ನೂ ಅಲ್ಲಲ್ಲಿ ನಿಂತಿವೆ: ನೆಟ್ಟ ಎರಡು ಕಲ್ಲು, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ನೂರಾರು ಸಲ ಸೈಕಲ್ಲಿನಲ್ಲಿ ಅವುಗಳ ಪಕ್ಕದಲ್ಲೇ ಹೋಗಿದ್ದೇನೆ. ಯಾವುದೋ ಹಳೆಯ ಬಾಗಿಲುವಾಡದ ಉಳಿಕೆ ಎಂದುಕೊಂಡಿದ್ದೆ.

ಶಾಲೆಯವರ ಒಪ್ಪಿಗೆ ಪಡೆದು, ಬೇಲಿಗೆ ನೆಡುವ ಕಲ್ಲುಕಂಬಗಳನ್ನು ತರಿಸಿ, ಎರಡಡಿ ಆಳಕ್ಕೆ ಹೂತು, ಮೇಲೆ ಚಪ್ಪಡಿ ಕೂರಿಸಿದೆವು. ಎತ್ತರ ಎಲ್ಲರಿಗೂ ಒಂದೇ ಆಗದು, ಆದ್ದರಿಂದ ಎರಡು ಕಟ್ಟಿದೆವು, ಒಂದು ನಾಲ್ಕಡಿ, ಇನ್ನೊಂದು ನಾಲ್ಕೂವರೆ. ಬಳಸುವುದನ್ನು ವಾಚ್‌ಮನ್ನರೇ ತೋರಿಸಿಕೊಟ್ಟರು. ಕಲ್ಲಿಗೆ ಬೆನ್ನು ಮಾಡಿ ನಿಲ್ಲಬೇಕು. ಮೊಣಕಾಲನ್ನು ಒಂದು ಗೇಣು ಮಡಚಿ, ಚಪ್ಪಡಿಯ ಅಂಚಿಗೆ ಎಳೆದಿಟ್ಟ ಚೀಲದ ಕೆಳಗೆ ಭುಜ ಕೊಡಬೇಕು. ಕೈಯಿಂದ ಚೀಲದ ಮೂತಿ ಹಿಡಿದು ಕಾಲು ನೇರ ಮಾಡಿದರೆ ಸಾಕು, ಭಾರ ತಾನೇ ಕಲ್ಲನ್ನು ಬಿಟ್ಟು ಮೈಗೆ ಬರುತ್ತದೆ. ಬೆನ್ನು ಎಲ್ಲೂ ಬಾಗುವುದಿಲ್ಲ. ಇಳಿಸುವಾಗಲೂ ಅಷ್ಟೇ, ಹಿಂದಕ್ಕೆ ಎರಡು ಹೆಜ್ಜೆ ಹೋಗಿ ಕಲ್ಲಿಗೆ ಒಪ್ಪಿಸುವುದು. ಬಲಗೈ ಎಡಗೈ ಬದಲಿಸಬೇಕೆಂದರೂ ಕಲ್ಲಿನ ಬಳಿಯೇ.

ಇಷ್ಟರಲ್ಲಿ ನನಗೆ ಸ್ಪಷ್ಟವಾದದ್ದು ಒಂದು. ಆರು ತಿಂಗಳು ನಾವು ಯಾವ ಆಟ ಎಂದು ಹುಡುಕಿದೆವು. ಹುಡುಕಬೇಕಿದ್ದದ್ದು ಅದು ಯಾವುದರ ನಂತರ ಬರುತ್ತದೆ, ಶುರುವಿನ ಹತ್ತು ಸೆಕೆಂಡಿನಲ್ಲಿ ಮೈ ಯಾವ ಭಂಗಿಯಲ್ಲಿರುತ್ತದೆ ಎಂಬುದನ್ನು. 1978ರಲ್ಲಿ ಹವಾಯಿಯಲ್ಲಿ, ಅತಿ ದೂರದ ಟ್ರಯಥ್ಲಾನ್ ಆದ ಮೊದಲ ಐರನ್‌ಮ್ಯಾನ್ ಕೂಡಿಸಿದವರೂ ಹೊಸ ಆಟ ಕಂಡುಹಿಡಿಯಲಿಲ್ಲ. ಅಲ್ಲಿ ಅದಾಗಲೇ ಇದ್ದ ಈಜು, ದ್ವೀಪ ಸುತ್ತುವ ಸೈಕಲ್ ಪಯಣ, ಮ್ಯಾರಥಾನ್ ಮೂರನ್ನೂ ಹೊಲಿದರು. ಸೈಕಲ್ ದಾರಿ ಮ್ಯಾರಥಾನ್ ಶುರುವಾಗುವ ಜಾಗಕ್ಕೇ ಬಂದು ಮುಟ್ಟಲಿ ಎಂದು ಅದನ್ನು ಮೂರು ಮೈಲಿ ಕತ್ತರಿಸಿ 112 ಮೈಲಿ ಮಾಡಿದರು. ಇವತ್ತು ಜಗತ್ತೆಲ್ಲ ತುಳಿಯುವ 180 ಕಿಲೋಮೀಟರ್ ಬಂದದ್ದು ಆ ಕತ್ತರಿಯಿಂದ.

ಉಳಿದ ನಿಯಮಗಳಿಗೆ ತಲೆಕೆಡಿಸಿಕೊಳ್ಳಬೇಕಾಗಲಿಲ್ಲ. ನಡೆಯಬೇಕು, ಓಡಬಾರದು. ಓಡಿದರೆ ಇನ್ನೊಂದು ಸುತ್ತು, ಹಿಮದ ಮೇಲೆ ಸ್ಕೀಯಲ್ಲಿ ಸಾಗುತ್ತಾ ಗುರಿಗೆ ಗುಂಡು ಹೊಡೆಯುವ ಬಯಥ್ಲಾನ್‌ನಲ್ಲಿ ಗುರಿ ತಪ್ಪಿದವರಿಗೆ 150 ಮೀಟರಿನ ಶಿಕ್ಷೆಯ ಸುತ್ತು ಇರುವ ಹಾಗೆ. ಭುಜಕ್ಕೆ ಟವೆಲ್ ಹಾಕಿಕೊಳ್ಳಬಹುದು. ತಲೆಯ ಮೇಲೆ ಬೇಡ. ಸಿಂಬೆ ಕಟ್ಟಿಕೊಂಡರೆ ಹೊರಬಲ್ಲೆ ಎಂದು ಕಾಕಾ ಕೇಳಿದರು, ಹೊತ್ತು ಅಭ್ಯಾಸವಿಲ್ಲದವರೂ ನೋಡಿ ಶುರುಮಾಡುತ್ತಾರೆಂದು ಅವರಿಗೂ ಬೇಡವೆಂದೆ. ಬೆನ್ನುನೋವು ಇರುವವರು, ಡಾಕ್ಟರು ಬೇಡವೆಂದವರು ಬರಿಗೈಯಲ್ಲಿ ಆರು ಸುತ್ತು ನಡೆಯಬಹುದು, ಕಾರಣ ಹೇಳಬೇಕಿಲ್ಲ. ಕಾರಣ ಕೇಳಬಾರದೆಂಬುದನ್ನು ಬರೆಸಿದ್ದು ಮೇಡಂ. ಕೊಳಕ್ಕೆ ಹತ್ತು ಹತ್ತು ಜನರನ್ನು ಇಪ್ಪತ್ತೈದು ನಿಮಿಷಕ್ಕೊಮ್ಮೆ ಬಿಡುವುದರಿಂದ ಕಲ್ಲಿನ ಬಳಿ ನೂಕುನುಗ್ಗಲಾಗದು. ಒಂದೊಂದು ತೂಕದಲ್ಲಿ ನಾಲ್ಕರಂತೆ ಹನ್ನೆರಡು ಚೀಲ ಸಾಕಾದವು.

ಡಿಸೆಂಬರಿನಲ್ಲಿ 38 ಜನ ನಿಂತರು, 37 ಜನ ಮುಗಿಸಿದರು. ಒಬ್ಬರದು ಕಗ್ಗಲೀಪುರದ ಹತ್ತಿರ ಟೈರು ಹರಿದದ್ದು. ಮೂಟೆಯ ಹಂತಕ್ಕೆ ಬಹುಪಾಲು ಜನಕ್ಕೆ ಏಳೆಂಟು ನಿಮಿಷ, ಮೊದಲನೆಯವರಿಗೂ ಕೊನೆಯವರಿಗೂ ಅಂತರ ನಾಲ್ಕು ನಿಮಿಷ. ನನಗೆ ಬೇಕಿದ್ದದ್ದು ಅದೇ. ಮೊದಲ ಮೂರು ಸ್ಥಾನ ಹಳಬರದೇ. ನಡುವಿನಲ್ಲಿ ಮಾತ್ರ ಅಲುಗಾಟವಾಯಿತು: ಹಿಂದಿನ ವರ್ಷ ಹತ್ತೊಂಬತ್ತನೆಯವರಾಗಿದ್ದ ಗಾಂಧಿ ಬಜಾರಿನ ದಿನಸಿ ಅಂಗಡಿಯವರು ಹನ್ನೊಂದಕ್ಕೆ ಬಂದರು. ಬೆನ್ನುನೋವಿನ ಹುಡುಗ ಬರಿಗೈಯಲ್ಲಿ ಆರು ಸುತ್ತು ನಡೆದ, ಯಾರೂ ಏನೂ ಕೇಳಲಿಲ್ಲ. ಸೈಕಲ್ ಇಳಿದ ಕೂಡಲೇ ಓಡುವಾಗ ಕಾಲು ಇಟ್ಟಿಗೆಯಂತಾಗುತ್ತಿತ್ತು, ನಡುವೆ ನಡೆದದ್ದರಿಂದ ಓಟದ ಮೊದಲ ಕಿಲೋಮೀಟರ್ ಹಗುರಾಯಿತು ಎಂದು ಮೂವರು ಹೇಳಿದರು. ಹನ್ನೊಂದೂ ಮಂದಿ ಹೆಂಗಸರು ಬಂದಿದ್ದರು.

ಮೇಡಂ ಹತ್ತು ಕಿಲೋ ಹೊತ್ತು ನಾಲ್ಕು ಸುತ್ತು ಮುಗಿಸಿ ಮೂವತ್ತೊಂದನೆಯವರಾದರು. ಒಂದು ದಿನದ ಮೂಟೆಯಿಂದ ಮೂಳೆಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಅಂದೇ ಹೇಳಿದ್ದರು. ಮೂಳೆ ಬದಲಾಗುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ, ಜೊತೆಗೆ ಅವರು ಬರೆದುಕೊಟ್ಟ ಔಷಧಿ ಊಟ ಎಲ್ಲ ಸೇರಿದ ಮೇಲೆ. ಹಾಗಾಗಿ ಈಗ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಹತ್ತು ಹನ್ನೆರಡು ಜನ ಆ ಮೈದಾನದಲ್ಲಿ ಸೇರುತ್ತಾರೆ. ಚೀಲಗಳಿಗೆ ಮೂರನೆಯ ಸಲ ಹೊಲಿಗೆ ಬಿದ್ದಿದೆ. ಕಳೆದ ಶುಕ್ರವಾರ ನಾನೂ ಹೋಗಿದ್ದೆ. ಮಂಜು ಇನ್ನೂ ಹರಿದಿರಲಿಲ್ಲ. ಎರಡು ಸುತ್ತು ಮುಗಿಸಿ ಬಂದ ಮೇಡಂ ನಿಲ್ಲದೆ ಮೂರನೆಯದಕ್ಕೆ ಹೊರಟಿದ್ದರು. ಗೇಟಿನ ಕಡೆಯಿಂದ ವಾಚ್‌ಮನ್ ಕೂಗಿದರು:

"ಬಲಗಡೆ ಎರಡಾಯ್ತು ಮೇಡಂ. ಕಲ್ಲಿಗೆ ಒರಗ್ಸಿ, ಎಡಗಡೆಗೆ ತಕ್ಕೊಳಿ."